ಪಟ ಹೊಸದಾದರೇನು, ಕಟ್ಟಳೆ ಎಲ್ಲಿ?

ಬೆಂಗಳೂರಿನ ಮಹದೇವಪುರದಲ್ಲಿ ರೇಡಿಯಂ ಸ್ಟಿಕ್ಕರ್ ಕತ್ತರಿಸುವುದು, ದೇವರ ಪಟಗಳಿಗೆ ಕಟ್ಟು ಹಾಕುವುದು ನನ್ನ ಹೊಟ್ಟೆಪಾಡು. ಐಟಿಪಿಎಲ್ ಕಡೆ ತೆವಳುವ ಕಾರುಗಳ ಹಿಂದಿನ ಗಾಜಿನಲ್ಲಿ ಕೇಸರಿ-ಕಪ್ಪು ಹನುಮ ಹುಬ್ಬು ಗಂಟಿಕ್ಕಿಕೊಂಡು ನಿಮ್ಮನ್ನೇ ನೋಡುತ್ತಿರುತ್ತಾನಲ್ಲ, ಅವುಗಳಲ್ಲಿ ಒಂದಷ್ಟು ನನ್ನ ಅಂಗಡಿಯಿಂದ ಹೋದವು. ಅಂಟಿಸುವ ಕೆಲಸ ನೋಡಿದಷ್ಟು ಸಲೀಸಲ್ಲ. ಗಾಜಿಗೆ ಸೋಪಿನ ನೀರು ಹಚ್ಚಬೇಕು, ಒಳಗೆ ಗುಳ್ಳೆ ನಿಲ್ಲದ ಹಾಗೆ ಮಧ್ಯದಿಂದ ಅಂಚಿಗೆ ಒತ್ತಿಕೊಂಡು ಬರಬೇಕು. ಕಣ್ಣಿನೊಳಗಿನ ಚೂರನ್ನು ಸೂಜಿಯ ತುದಿಯಲ್ಲಿ ಎತ್ತಬೇಕು. ಕೈ ಒಂದಿಷ್ಟು ಜಾರಿತೋ, ಆಂಜನೇಯನಿಗೆ ಮೆಳ್ಳೆಗಣ್ಣು.

ಈ ಹನುಮ ಯಾವ ಶಿಲ್ಪಶಾಸ್ತ್ರದಿಂದ ಇಳಿದು ಬಂದವನೂ ಅಲ್ಲ. ಕಾಸರಗೋಡಿನ ಕುಂಬಳೆಯ ಕರಣ್ ಆಚಾರ್ಯ 2015ರಲ್ಲಿ ಊರಿನ ಗೆಳೆಯರ ಒತ್ತಾಯಕ್ಕೆ, ಗಣೇಶ ಹಬ್ಬದ ಬಾವುಟಕ್ಕೆಂದು ಕಂಪ್ಯೂಟರಿನಲ್ಲಿ ಬರೆದುಕೊಟ್ಟ ಚಿತ್ರ. ವಾಟ್ಸ್‌ಆ್ಯಪ್ ಹತ್ತಿ, ಆಟೊ ಹತ್ತಿ, ಕಾರು ಹತ್ತಿ ದೇಶ ಸುತ್ತಿತು. 2018ರ ವಿಧಾನಸಭಾ ಚುನಾವಣೆಯ ಹೊತ್ತಿಗೆ ಪ್ರಧಾನಿಯೇ ಮಂಗಳೂರಿನ ಸಭೆಯಲ್ಲಿ ಆ ಹುಡುಗನನ್ನು ಹೊಗಳಿದರು. ಅದರಲ್ಲಿ ಕೋಪ ಕಂಡು ಬೈದವರೂ ಇದ್ದರು. ಬರೆದವರು ಮಾತ್ರ ಅದು ಕೋಪವಲ್ಲ, ಗತ್ತು ಎಂದರು. ಬರೆದವನ ಕೈ ಬಿಟ್ಟ ಮೇಲೆ ದೇವರು ಯಾರ ಮಾತು ಕೇಳುತ್ತಾನೆ!

ಈಚೆಗೆ ಇನ್ನೊಂದು ಬಗೆಯ ಗಿರಾಕಿಗಳು ಬರುತ್ತಾರೆ. ಕೊರಳಲ್ಲಿ ಕಂಪನಿಯ ಟ್ಯಾಗು ಹಾಕಿಕೊಂಡೇ ಬಂದ ಒಬ್ಬ ಹುಡುಗಿ ಮೊಬೈಲಿನಲ್ಲಿ ತುಳುನಾಡಿನ ದೈವ ಪಂಜುರ್ಲಿಯ ಚಿತ್ರ ತೋರಿಸಿ, ಲ್ಯಾಪ್‌ಟಾಪಿನ ಹಿಂದೆ ಅಂಟಿಸುವಷ್ಟು ಮಾಡಿಕೊಡಿ ಅಂದಳು. ರಾತ್ರಿ ಹೊತ್ತು ಹೊಸ ಸಾಫ್ಟ್‌ವೇರ್ ಬಿಡುವಾಗ ಎದೆ ಡವಡವ ಅನ್ನುತ್ತದಂತೆ, ಇದು ಜೊತೆಗಿದ್ದರೆ ಧೈರ್ಯವಂತೆ. ಊರು ಹಾಸನದ ಕಡೆ ಎಂದಳು. ‘ನಿಮ್ಮ ಮನೆದೇವರು ಯಾರಮ್ಮ?’ ಎಂದು ಕೇಳಿದೆ. ‘ಅಮ್ಮನ್ನ ಕೇಳ್ಬೇಕು ಅಂಕಲ್’ ಎಂದು ನಕ್ಕಳು. ಮನೆದೇವರ ಹೆಸರು ಗೊತ್ತಿಲ್ಲ, ‘ಕಾಂತಾರ’ ಸಿನಿಮಾದ ಪಂಜುರ್ಲಿ ಗೊತ್ತು. ಅವಳು ಕೇಳಿದ್ದನ್ನು ಮಾಡಿಕೊಟ್ಟೆ.

ಇದನ್ನು ಹೇಳಿದರೆ ನನ್ನ ವಯಸ್ಸಿನವರು ಕಾಲ ಕೆಟ್ಟಿತು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಅವರ ಮನೆಯ ದೇವರಕೋಣೆಯಲ್ಲಿ ಸೀರೆಯುಟ್ಟು ತಾವರೆಯ ಮೇಲೆ ನಿಂತ ಲಕ್ಷ್ಮಿ ಎಲ್ಲಿಂದ ಬಂದಳು? ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಹಾಕಿದ ಅಚ್ಚುಕೂಟದಿಂದ. ರಾಯರು ಎಂದೊಡನೆ ಎಷ್ಟೋ ಕನ್ನಡಿಗರ ಕಣ್ಣಮುಂದೆ ಬರುವುದು 1966ರ ‘ಮಂತ್ರಾಲಯ ಮಹಾತ್ಮೆ’ಯ ರಾಜ್‌ಕುಮಾರ್. ಹರಿಕಥೆ, ಯಕ್ಷಗಾನ, ಕ್ಯಾಲೆಂಡರು, ಸಿನಿಮಾ, ಈಗ ಮೊಬೈಲು: ನಮ್ಮ ದೇವರು ಯಾವ ಗಾಡಿ ಸಿಕ್ಕರೂ ಹತ್ತಿಕೊಂಡು ಬರುತ್ತಾನೆ.

ನನ್ನ ತಕರಾರು ಬೇರೆ. ಬಂದ ದೇವರು ನಮ್ಮಿಂದ ಏನನ್ನಾದರೂ ಕೇಳುತ್ತಾನೋ ಇಲ್ಲವೋ?

1975ರ ‘ಜೈ ಸಂತೋಷಿ ಮಾ’ ನೋಡಿ. ಟಾಕೀಸಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದರು, ಪರದೆಗೆ ಹೂವು, ಚಿಲ್ಲರೆ ಎರಚಿದರು. ಅಲ್ಲಿಯವರೆಗೆ ಹೆಚ್ಚಿನವರಿಗೆ ಹೆಸರೇ ಗೊತ್ತಿರದಿದ್ದ ತಾಯಿ ಮನೆಮನೆಗೆ ಬಂದಳು. ಆದರೆ ಬರಿಗೈಯಲ್ಲಿ ಬರಲಿಲ್ಲ, ಕಟ್ಟಳೆ ಹೊತ್ತು ತಂದಳು. ಹದಿನಾರು ಶುಕ್ರವಾರ ಉಪವಾಸ, ಬೆಲ್ಲ-ಹುರಿಗಡಲೆಯ ನೈವೇದ್ಯ, ಹುಳಿ ಮುಟ್ಟುವಂತಿಲ್ಲ. ನಮ್ಮಮ್ಮ ಅಂಥ ಶುಕ್ರವಾರಗಳಲ್ಲಿ ಹುಣಸೆಹಣ್ಣಿನ ಡಬ್ಬಿಯನ್ನೇ ಅಟ್ಟದ ಮೇಲಿಟ್ಟುಬಿಡುತ್ತಿದ್ದರು. ಸಿನಿಮಾದಿಂದ ಬಂದ ದೇವತೆ ಎಂದು ಅವರ ಭಕ್ತಿಗೆ ಏನೂ ಕಡಿಮೆಯಾಗಲಿಲ್ಲ.

ಅಪ್ಪುವನ್ನೂ ಇಲ್ಲೇ ಸೇರಿಸುತ್ತೇನೆ, ಯಾರು ಏನೆಂದುಕೊಂಡರೂ ಸರಿ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಅವರ ಫೋಟೋಗೆ ಕಟ್ಟು ಹಾಕಿಸಿಕೊಂಡು ಹೋಗಿ ದೇವರ ಪಟಗಳ ಸಾಲಿನಲ್ಲೇ ಇಟ್ಟವರಿದ್ದಾರೆ. ಅಪ್ಪುವಿನ ಕಣ್ಣುಗಳಿಂದ ನಾಲ್ಕು ಮಂದಿಗೆ ದೃಷ್ಟಿ ಬಂತು. ಅದನ್ನು ಕೇಳಿ ಜನ ತಾವಾಗಿಯೇ ನೇತ್ರದಾನದ ಅರ್ಜಿ ತುಂಬಲು ಸಾಲು ನಿಂತರು. ಆ ಫೋಟೋ ಏನನ್ನೋ ಕೇಳಿತು, ಜನ ಕೊಟ್ಟರು.

ಪಟಕ್ಕೂ ಕಟ್ಟಳೆಗೂ ಇರುವ ನಂಟಿಗೆ ಹಳೆಯ ಕಥೆಯೊಂದಿದೆ. ಹಂಪಿಯಲ್ಲಿ, ಕೋದಂಡರಾಮ ದೇವಸ್ಥಾನದ ಬಳಿ, ಯಂತ್ರೋದ್ಧಾರಕ ಹನುಮನಿದ್ದಾನೆ. ವ್ಯಾಸರಾಯರು ಬಂಡೆಯ ಮೇಲೆ ಇದ್ದಿಲಿನಲ್ಲಿ ಹನುಮನನ್ನು ಬರೆದರೆ, ಚಿತ್ರ ಜೀವ ತಳೆದು ಕೋತಿಯಾಗಿ ಹಾರಿಹೋಗುತ್ತಿತ್ತಂತೆ. ಹನ್ನೆರಡು ಸಲ ಹೀಗಾದ ಮೇಲೆ ಅವರು ಷಟ್ಕೋನದ ಯಂತ್ರ ಬರೆದು ಅದರ ನಡುವೆ ಹನುಮನನ್ನು ಕೂರಿಸಿದರು. ಪದ್ಮಾಸನ ಹಾಕಿ ಜಪಮಾಲೆ ಹಿಡಿದು ಕೂತಿದ್ದಾನೆ, ಸುತ್ತ ಹನ್ನೆರಡು ಕೋತಿಗಳು ಒಂದರ ಬಾಲ ಒಂದು ಹಿಡಿದಿವೆ. ಐತಿಹ್ಯವೇ ಇರಲಿ, ಪಟಕ್ಕೆ ಕಟ್ಟು ಹಾಕುವ ನನಗೆ ಇದಕ್ಕಿಂತ ಚೆನ್ನಾದ ಕಥೆ ಗೊತ್ತಿಲ್ಲ. ಬರೆದಾಕ್ಷಣ ದೇವರು ನಿಲ್ಲಲಿಲ್ಲ. ನೇಮವಿರುವ ಜಾಗ ಮಾಡಿಕೊಟ್ಟ ಮೇಲೆ ನಿಂತ.

ಕಾಂತಾರದ ವಿಷಯದಲ್ಲಿ ನಾವು ಎಡವಿದ್ದು ಇಲ್ಲೇ. 2022ರಲ್ಲಿ ಆ ಸಿನಿಮಾ ಬಂದು ಘಟ್ಟದ ಕೆಳಗಿನ ದೈವಗಳನ್ನು ಇಡೀ ದೇಶಕ್ಕೆ ತೋರಿಸಿತು, ಸಂತೋಷ. 2025ರ ಅಕ್ಟೋಬರ್ 2ಕ್ಕೆ ಅದರ ‘ಚಾಪ್ಟರ್ 1’ ಬಂದಾಗ ಕೆಲವರು ದೈವದ ವೇಷ ಹಾಕಿಕೊಂಡೇ ಥಿಯೇಟರಿಗೆ ನುಗ್ಗಿ ಕುಣಿದರು. ತುಳುನಾಡಿನವರು ನೊಂದುಕೊಂಡರು. ಕೊನೆಗೆ ಸಿನಿಮಾ ತಯಾರಿಸಿದ ಹೊಂಬಾಳೆಯವರೇ ದಯವಿಟ್ಟು ದೈವದ ಅನುಕರಣೆ ಬೇಡ ಎಂದು ಕೇಳಿಕೊಳ್ಳಬೇಕಾಯಿತು. ಅಭಿಮಾನ ಉಕ್ಕಿತು ಬಿಡಿ, ಇಷ್ಟಕ್ಕೆಲ್ಲ ಏಕೆ ಗಲಾಟೆ ಎಂದು ನನ್ನ ಅಂಗಡಿಯಲ್ಲೇ ವಾದಿಸಿದವರಿದ್ದಾರೆ.

ಅವರನ್ನು ಒಂದು ಕೋಲಕ್ಕೆ, ದೈವದ ಆರಾಧನೆಗೆ, ಕರೆದುಕೊಂಡು ಹೋಗಬೇಕು. ಗೆಳೆಯರೊಬ್ಬರ ಊರಲ್ಲಿ, ಬೆಳ್ತಂಗಡಿ ಕಡೆ, ನಾನು ನೋಡಿದ್ದೇನೆ. ದೈವ ಕಟ್ಟುವುದು ಪಂಬದ, ಪರವ, ನಲಿಕೆ ಸಮುದಾಯದವರಿಗೆ ತಲೆಮಾರುಗಳಿಂದ ಬಂದ ಹಕ್ಕು, ಹೊರೆಯೂ ಹೌದು. ಮೊದಲು ಎಣ್ಣೆಬೂಳ್ಯ, ಅಂದರೆ ಎಣ್ಣೆ-ವೀಳ್ಯ, ಪಡೆಯುತ್ತಾರೆ. ಮುಖಕ್ಕೆ ಅರ್ದಾಳದ ಹಳದಿ ಬಣ್ಣ ಬೀಳುತ್ತದೆ. ಅವರ ಮನೆಯ ಹೆಂಗಸು ತೆಂಬರೆ ಬಡಿಯುತ್ತ ದೈವದ ಹುಟ್ಟು ಹೇಳುವ ಪಾಡ್ದನ ಹಾಡುತ್ತಾಳೆ. ಗಗ್ಗರದ ಗೆಜ್ಜೆ ಕಾಲಿಗೆ ಏರುವುದಕ್ಕೂ ಕ್ರಮವಿದೆ. ಆಮೇಲೆ ದೈವ ನುಡಿಕೊಡುತ್ತದೆ: ಜಮೀನಿನ ತಕರಾರು, ಅಣ್ಣತಮ್ಮಂದಿರ ಜಗಳ, ಹೊತ್ತ ಹರಕೆ. ಊರಿನ ಗುತ್ತಿನ ಮನೆತನದವರೂ ಕೈಮುಗಿದು ನಿಂತು ಉತ್ತರ ಹೇಳಬೇಕು. ಬೆಳಗಾದರೆ ಅದೇ ಊರಿನಲ್ಲಿ ಆ ಕಲಾವಿದನನ್ನು ಜಾತಿಯ ಕಣ್ಣಿನಲ್ಲೇ ನೋಡುವವರಿದ್ದಾರೆ. ಇವನ್ನೆಲ್ಲ ಬಿಟ್ಟು ಬಣ್ಣ, ಕೂಗು ಎರಡನ್ನೇ ಎತ್ತಿಕೊಂಡು ಬಂದರೆ ಅದು ಭಕ್ತಿಯೂ ಅಲ್ಲ, ಅಭಿಮಾನವೂ ಅಲ್ಲ, ಕಳ್ಳತನ.

ಹುಡುಗಿಯ ಲ್ಯಾಪ್‌ಟಾಪಿನ ಪಂಜುರ್ಲಿಗೂ ಥಿಯೇಟರಿನ ವೇಷಕ್ಕೂ ನಾನು ಗೆರೆ ಎಳೆಯುವುದು ಇಲ್ಲಿ. ಅವಳು ದೈವವನ್ನು ನೆನೆಯುತ್ತಾಳೆ, ತಾನೇ ದೈವ ಅನ್ನುವುದಿಲ್ಲ. ಅವಳಿಗೆ ಇನ್ನೊಂದು ಹೆಜ್ಜೆ ಬಾಕಿಯಿದೆ, ಅಷ್ಟೆ.

ಇನ್ನು ದೈವ ಕಟ್ಟುವವರಿಗೆ ಸಿಕ್ಕಿದ್ದೇನು? 2022ರ ಅಕ್ಟೋಬರಿನಲ್ಲಿ, ಮೊದಲ ಕಾಂತಾರ ಇನ್ನೂ ಓಡುತ್ತಿದ್ದಾಗಲೇ, 60 ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಕೊಡುವುದಾಗಿ ರಾಜ್ಯ ಸರ್ಕಾರ ಘೋಷಿಸಿತು. ನಮ್ಮ ಕಡೆಯ ಮಾಲಿನಲ್ಲಿ ಮನೆಮಂದಿಯೆಲ್ಲ ಪಾಪ್‌ಕಾರ್ನ್ ಹಿಡಿದು ಒಂದು ಸಿನಿಮಾ ನೋಡಿ ಬರುವುದಕ್ಕೆ ಅಷ್ಟು ಸಾಲದು.

ಕಾಂತಾರ ನೋಡಿ ರೋಮಾಂಚನಗೊಂಡವರಲ್ಲಿ ನನ್ನದೊಂದು ಕೋರಿಕೆ. ಪಕ್ಕದ ಡೆಸ್ಕಿನಲ್ಲಿ ಪುತ್ತೂರಿನವರೋ ಕಾರ್ಕಳದವರೋ ಇದ್ದೇ ಇರುತ್ತಾರೆ. ಅವರನ್ನು ಕೇಳಿಕೊಂಡು ಅವರ ಊರಿನ ಕೋಲಕ್ಕೆ ಹೋಗಿ. ಮೊಬೈಲು ಜೇಬಿನಲ್ಲಿರಲಿ. ದೈವ ಕಟ್ಟಿದವರ ಜೊತೆ ಬೆಳಿಗ್ಗೆ ಕೂತು ನಾಲ್ಕು ಮಾತಾಡಿ, ಕೈಲಾದದ್ದು ಕೊಟ್ಟು ಬನ್ನಿ. ಮೇ ಕೊನೆಯ ವಾರದ ಸುಮಾರಿಗೆ ಪತ್ತನಾಜೆ ಬರುತ್ತದೆ, ಆಮೇಲೆ ಮಳೆಗಾಲ ಕಳೆಯುವವರೆಗೆ ಕೋಲವಿಲ್ಲ. ಅದರೊಳಗೆ ಹೊರಡಿ.