ಗಿಣ್ಣು ಹಾಲು ಮೊದಲು ಯಾರಿಗೆ: ಗಿರಾಕಿಗೋ, ಕರುವಿಗೋ?

ಮಂಡ್ಯ: ಹಸು ಕರು ಹಾಕಿದ ಸುದ್ದಿ ಹಬ್ಬಿದರೆ ಸಾಕು, 'ಗಿಣ್ಣು ಹಾಲಿದ್ರೆ ಸ್ವಲ್ಪ ಕೊಡಿ' ಅಂತ ನೆರೆಮನೆಯವರು ಪಾತ್ರೆ ಹಿಡಿದು ಬರೋದು ಜಿಲ್ಲೆಯ ಹಳ್ಳಿಗಳಲ್ಲಿ ಹಳೇ ರೂಢಿ. ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿದ ಗಿಣ್ಣಿಗೆ ಪೇಟೆಯಲ್ಲೂ ಗಿರಾಕಿಗಳಿದ್ದಾರೆ. ಈ ಹಂಚಿಕೆಯಲ್ಲಿ ಕೆಲವೊಮ್ಮೆ ಕರುವಿನ ಪಾಲೇ ಮರೆತುಹೋಗುತ್ತೆ.

ಇಲ್ಲಿರೋ ಪೇಚು ಏನೆಂದರೆ, ಗಟ್ಟಿ ಗಿಣ್ಣಾಗೋದು ಮೊದಲ ಕರೆತದ ಹಾಲಿನಲ್ಲಿ. ಕರುವಿಗೆ ಬೇಕಾದ ರೋಗನಿರೋಧಕ ಶಕ್ತಿ ಹೆಚ್ಚಿರೋದೂ ಅದರಲ್ಲೇ. ಎರಡನೇ, ಮೂರನೇ ಕರೆತಕ್ಕೆ ಹಾಲು ತೆಳುವಾಗುತ್ತಾ ಹೋಗುತ್ತೆ. ಅಂದರೆ ಗಿರಾಕಿ ಕೇಳೋ ಹಾಲೂ, ಕರುವಿಗೆ ಬೇಕಾದ ಹಾಲೂ ಒಂದೇ.

ಗಂಟೆಗಳ ಲೆಕ್ಕ

ಮನುಷ್ಯರ ಮಗುವಿನಂತಲ್ಲ, ಕರುವಿಗೆ ಹೊಟ್ಟೆಯಲ್ಲಿದ್ದಾಗ ತಾಯಿಯಿಂದ ರೋಗನಿರೋಧಕ ಶಕ್ತಿ ಬರುವುದಿಲ್ಲ. ಅದು ಗಿಣ್ಣು ಹಾಲಿನಿಂದಲೇ ಬರಬೇಕು. ಅದನ್ನು ಹೀರಿಕೊಳ್ಳುವ ಕರುಳಿನ ಶಕ್ತಿ ಹುಟ್ಟಿದ ಕೆಲವೇ ಗಂಟೆಗಳಲ್ಲಿ ಇಳಿಯತೊಡಗಿ, 24 ಗಂಟೆ ಹೊತ್ತಿಗೆ ಬಹುತೇಕ ಮುಗಿದಿರುತ್ತೆ. ಆಮೇಲೆ ಎಷ್ಟು ಕುಡಿಸಿದರೂ ಹೊಟ್ಟೆ ತುಂಬಬಹುದು, ಆ ರಕ್ಷಣೆ ಸಿಗೋದಿಲ್ಲ. ಭೇದಿ, ನ್ಯುಮೋನಿಯಾಗೆ ಇಂಥ ಕರುಗಳೇ ಬೇಗ ಬಲಿಯಾಗೋದು.

'ಕಸ (ಮಾಸು) ಬೀಳೋವರೆಗೂ ಕರು ಬಿಡಬಾರದು' ಅನ್ನೋ ನಂಬಿಕೆ ಇನ್ನೂ ಕೆಲವು ಕಡೆ ಇದೆ. ಕಸ ಬೀಳಲು ಎಂಟು–ಹತ್ತು ಗಂಟೆಯಾದರೆ ಕರುವಿನ ಅತ್ಯಮೂಲ್ಯ ಹೊತ್ತೆಲ್ಲ ಕಾಯೋದರಲ್ಲೇ ಕಳೆಯುತ್ತೆ. ನಿಜಕ್ಕೆ ಕರು ಮೊಲೆ ಚೀಪಿದರೆ ಗರ್ಭಕೋಶ ಕುಗ್ಗಿ, ಕಸ ಬೀಳೋಕೂ ಸಹಾಯವಾಗುತ್ತೆ.

ಎಷ್ಟು ಕುಡಿಸಬೇಕು?

ಕರುವಿನ ತೂಕದ ಹತ್ತನೇ ಒಂದು ಭಾಗ ಅನ್ನೋದು ಸಾಮಾನ್ಯ ಲೆಕ್ಕ. 30 ಕೆಜಿ ಕರುವಿಗೆ ಮೊದಲ ದಿನ ಸುಮಾರು 3 ಲೀಟರ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹುಟ್ಟಿದ ಎರಡು ಗಂಟೆಯೊಳಗೆ ಹೊಟ್ಟೆ ಸೇರಿದರೆ ಒಳ್ಳೇದು. ನಿಲ್ಲಲಾಗದ ಕರುವಿಗೆ ಕರೆದು ಬಾಟಲಿಯಲ್ಲಿ ನಿಧಾನಕ್ಕೆ ಕುಡಿಸಬೇಕು. ಕುದಿಸಬಾರದು. ಕುದಿಸಿದರೆ ಹಾಲೂ ಗಟ್ಟಿಯಾಗುತ್ತೆ, ಅದರಲ್ಲಿನ ರಕ್ಷಣೆಯೂ ಹಾಳಾಗುತ್ತೆ.

ನಷ್ಟ ಯಾರಿಗೆ?

ಕರು ಹಾಕಿದ ಮೊದಲ ಕೆಲವು ದಿನದ ಹಾಲನ್ನು ಡೇರಿಯವರು ತಗೊಳ್ಳಲ್ಲ. ಹಾಗಾಗಿ ಕೈಗೆ ನಾಲ್ಕು ಕಾಸು ಬರಲಿ ಅಂತ ರೈತರು ಗಿಣ್ಣು ಹಾಲು ಮಾರಿದರೆ ತಪ್ಪು ಹೇಳೋಕಾಗಲ್ಲ. ಆದರೆ ಇವತ್ತಿನ ಹೆಣ್ಣು ಕರು ಎರಡೂವರೆ–ಮೂರು ವರ್ಷಕ್ಕೆ ಡೇರಿಗೆ ಹಾಲು ಹಾಕೋ ಹಸು. ಅದು ಸತ್ತರೆ ಹೊಸ ಹಸು ಕೊಳ್ಳೋಕೆ ಸಾಲವೇ ಗತಿ. ರೈತನ ಕೈ ಖಾಲಿಯಾದರೆ ಪೇಟೆಯ ಅಂಗಡಿಗಳ ವ್ಯಾಪಾರಕ್ಕೂ ಅದರ ಬಿಸಿ ತಟ್ಟುತ್ತೆ.

ಹಾಗಂತ ಗಿಣ್ಣು ತಿನ್ನೋದು ಬಿಡಬೇಕಿಲ್ಲ. ಹೆಚ್ಚು ಹಾಲು ಕೊಡೋ ಮಿಶ್ರತಳಿ ಹಸುಗಳಲ್ಲಿ ಕರು ಕುಡಿದು ಮಿಕ್ಕುತ್ತೆ. ಮಿಕ್ಕಿದ್ದನ್ನು ಮಾರಬಹುದು, ಹಂಚಬಹುದು. ಕೊಳ್ಳೋರು 'ಲೀಟರ್ ಎಷ್ಟು?' ಅನ್ನೋದಕ್ಕೆ ಮೊದಲು 'ಕರು ಕುಡಿದಾಯ್ತಾ?' ಅಂತ ಕೇಳಿದರೆ ಸಾಕು.