ಕೀಬೋರ್ಡ್ ಯಾರ ಕೈಲಿತ್ತು: ಲಿನಕ್ಸ್ ಬಳಗಗಳ ಮೂವತ್ತು ವರ್ಷ

ಹಂಪಿ ಬಜಾರಿಗೆ ತಾಗಿದ ಓಣಿಯ ಒಂದು ಸೈಬರ್ ಕೆಫೆಗೆ 2006ರ ಮಳೆಗಾಲದಲ್ಲಿ ಪೋಸ್ಟ್‌ಮ್ಯಾನ್ ಒಂದು ಲಕೋಟೆ ತಂದುಕೊಟ್ಟ. ಮೇಲೆ ಹೊರದೇಶದ ಮುದ್ರೆ, ಒಳಗೆ ಲಿನಕ್ಸ್‌ನ ಒಂದು ರೂಪವಾದ ಉಬುಂಟು 6.06ರ ಸಿಡಿಗಳು. ಕೇಳಿದವರಿಗೆಲ್ಲ ಅಂಚೆ ವೆಚ್ಚವನ್ನೂ ತೆಗೆದುಕೊಳ್ಳದೆ ಮನೆ ಬಾಗಿಲಿಗೆ ಸಿಡಿ ಕಳಿಸುತ್ತಿದ್ದ ಕಾಲ ಅದು. ಕೆಫೆ ನಡೆಸುತ್ತಿದ್ದ ಗೆಳೆಯನಿಗೆ ಅದು ಬೇಕಾಗಿದ್ದುದು ವೈರಸ್ ಕಾಟದಿಂದ ಪಾರಾಗಲು. ಪ್ರವಾಸಿಗರು ಕ್ಯಾಮೆರಾ ಕಾರ್ಡ್ ತಂದು ಫೋಟೊಗಳನ್ನು ಸಿಡಿಗೆ ಹಾಕಿಸಿಕೊಳ್ಳುತ್ತಿದ್ದರು. ಕಾರ್ಡಿನ ಜೊತೆ ವೈರಸ್ಸೂ ಬರುತ್ತಿತ್ತು. ನಾಲ್ಕು ಕಂಪ್ಯೂಟರುಗಳನ್ನು ಮತ್ತೆ ಮತ್ತೆ ಫಾರ್ಮ್ಯಾಟ್ ಮಾಡಿ ಅವನಿಗೆ ಸಾಕಾಗಿತ್ತು. ನಾನಾಗ ಹೊಸಪೇಟೆಯಲ್ಲಿ ಡಿಟಿಪಿ ಕಲಿಯುತ್ತಿದ್ದೆ. ಇಬ್ಬರೂ ಕೂತು ಒಂದು ಯಂತ್ರಕ್ಕೆ ಉಬುಂಟು ಹಾಕಿದೆವು. ಬಂತು, ಕ್ಯಾಮೆರಾ ಕಾರ್ಡನ್ನೂ ಓದಿತು. ಆದರೆ ಕನ್ನಡ ವಿಕಿಪೀಡಿಯದ ಪುಟ ತೆರೆದರೆ ಒತ್ತಕ್ಷರಗಳು ಕೆಳಗಿಳಿಯದೆ ಪಕ್ಕಕ್ಕೆ ಬಂದು ನಿಂತಿದ್ದವು. ‘ಅಮ್ಮ’ ಎಂಬುದು ‘ಅಮ್‌ಮ’ ಎಂದು ತುಂಡಾಗಿ ಕಾಣುತ್ತಿತ್ತು.

ಪರಿಹಾರ ಕೇಳಲು ನಮ್ಮೂರಲ್ಲಿ ಯಾರೂ ಇರಲಿಲ್ಲ. ಸಿಪಿಯು ಡಬ್ಬಿಯನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಹಂಪಿ ಎಕ್ಸ್‌ಪ್ರೆಸ್ ಹತ್ತಿದೆ. ರಾತ್ರಿಯಿಡೀ ಅದನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದ್ದು ನೆನಪಿದೆ. ಬೆಂಗಳೂರಿನ ಲಿನಕ್ಸ್ ಬಳಕೆದಾರರ ಒಂದು ಭಾನುವಾರದ ಕೂಟದಲ್ಲಿ ಒಬ್ಬರು ನನ್ನ ಮಾತು ಅರ್ಧ ಕೇಳಿ ಕೀಬೋರ್ಡನ್ನು ತಮ್ಮತ್ತ ಎಳೆದುಕೊಂಡರು. ಆಜ್ಞೆ ಕೊಡುವ ಕಪ್ಪು ಕಿಟಕಿ ತೆರೆದು ಒಂದು ಸಾಲು ಟೈಪ್ ಮಾಡಿ, ಅಲ್ಲಿಂದಲೇ ಫೈರ್‌ಫಾಕ್ಸ್ ತೆರೆದರು. ‘ಅಮ್ಮ’ ಸರಿಯಾಯಿತು. ಎರಡು ನಿಮಿಷವೂ ಹಿಡಿಯಲಿಲ್ಲ. ನನಗೆ ಕಣ್ಣಲ್ಲಿ ನೀರು ಬರುವಷ್ಟು ಖುಷಿ. ಊರಿಗೆ ಬಂದು ಯಂತ್ರ ಆನ್ ಮಾಡಿದರೆ ಅಕ್ಷರಗಳು ಮತ್ತೆ ಒಡೆದಿದ್ದವು.

ಕಾರಣ ಗೊತ್ತಾಗಿದ್ದು ಎಷ್ಟೋ ತಿಂಗಳ ಮೇಲೆ. ಆಗಿನ ಫೈರ್‌ಫಾಕ್ಸ್‌ಗೆ ‘ಪ್ಯಾಂಗೊ’ ಎಂಬ ಅಕ್ಷರ ಜೋಡಿಸುವ ತಂತ್ರಾಂಶವನ್ನು ಬಳಸಿಕೋ ಎಂದು ಬೇರೆಯಾಗಿ ಹೇಳಬೇಕಿತ್ತು. ಕಪ್ಪು ಕಿಟಕಿಯಲ್ಲಿ ಹೇಳಿದ್ದು ಆ ಕಿಟಕಿ ಮುಚ್ಚುವವರೆಗೆ ಮಾತ್ರ ನಿಲ್ಲುತ್ತದೆ. ಕಾಯಂ ಆಗಬೇಕಾದರೆ ಅದೇ ಸಾಲನ್ನು ಒಂದು ಫೈಲಿನಲ್ಲಿ ಬರೆದಿಡಬೇಕು. ಇಷ್ಟನ್ನು ಅವತ್ತು ಹೇಳಿಕೊಟ್ಟು, ನನ್ನ ಕೈಯಲ್ಲೇ ಟೈಪ್ ಮಾಡಿಸಿದ್ದರೆ ಹತ್ತು ನಿಮಿಷ ಹಿಡಿಯುತ್ತಿತ್ತು. ಅವರು ಕೆಟ್ಟವರಲ್ಲ, ಸಹಾಯ ಮಾಡಬೇಕೆಂದೇ ಬಂದವರು. ಆದರೂ ಕರ್ನಾಟಕದ ಲಿನಕ್ಸ್ ಬಳಗಗಳು ಏನು ಮಾಡಿದವು, ಏನು ಬಿಟ್ಟವು ಎಂದು ಇವತ್ತು ಹಿಂತಿರುಗಿ ನೋಡುವಾಗ ನಾನು ಹಿಡಿದಿರುವ ಅಳತೆಗೋಲು ಆ ಹತ್ತು ನಿಮಿಷವೇ.

ಕಮಲಾಪುರದಾಚೆ, ವಿದ್ಯಾರಣ್ಯದಲ್ಲಿರುವ ನಮ್ಮ ಕನ್ನಡ ವಿಶ್ವವಿದ್ಯಾಲಯ ಹುಟ್ಟಿದ್ದು 1991ರಲ್ಲಿ. ಅದೇ ವರ್ಷದ ಆಗಸ್ಟ್ 25ರಂದು ಹೆಲ್ಸಿಂಕಿಯ 21 ವರ್ಷದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್, ತಾನೊಂದು ಆಪರೇಟಿಂಗ್ ಸಿಸ್ಟಂ ಬರೆಯುತ್ತಿದ್ದೇನೆ ಎಂದು ಲೋಕಕ್ಕೆ ತಿಳಿಸಿದ; ಮುಂದೆ ಲಿನಕ್ಸ್ ಎನಿಸಿಕೊಂಡದ್ದು ಅದೇ. ಅದೇ ಅಕ್ಟೋಬರಿನಲ್ಲಿ, ಲೋಕದ ಲಿಪಿಗಳನ್ನು ಕಂಪ್ಯೂಟರಿಗೆ ಒಂದೇ ಕ್ರಮದಲ್ಲಿ ಕೊಡುವ ಯುನಿಕೋಡ್‌ನ ಮೊದಲ ಆವೃತ್ತಿ ಬಂತು. ಅದರಲ್ಲಿ ಕನ್ನಡಕ್ಕೆ ಜಾಗವಿತ್ತು. ಮೂರೂ ಒಂದೇ ವರ್ಷದ ಕೂಸುಗಳು. ಕನ್ನಡ, ಲಿನಕ್ಸ್, ಯುನಿಕೋಡ್ ಮೂರನ್ನೂ ಒಂದೇ ಪರದೆಯ ಮೇಲೆ ನೆಟ್ಟಗೆ ಕೂಡಿಸಲು ಹದಿನೈದು ವರ್ಷಕ್ಕೂ ಹೆಚ್ಚು ಬೇಕಾಯಿತು. ಆ ಕೆಲಸದ ಒಂದು ಪಾಲನ್ನು ಹೊತ್ತವರು ಸಂಬಳವಿಲ್ಲದೆ ದುಡಿದ ಬಳಗಗಳ ಜನ.

ನಮ್ಮಲ್ಲಿ ಲೆಕ್ಕ ಶುರುವಾಗುವುದು 1996ರಿಂದ. ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಬಂದು ಆಗಿನ್ನೂ ಒಂದು ವರ್ಷವೂ ಆಗಿರಲಿಲ್ಲ. ‘ಪಿಸಿ ಕ್ವೆಸ್ಟ್’ ಪತ್ರಿಕೆ ತನ್ನ ಸಂಚಿಕೆಯ ಜೊತೆ ಲಿನಕ್ಸ್ ಸಿಡಿ ಹಂಚತೊಡಗಿತು. ಅದರ ಹಿಂದಿದ್ದವರು ಬೆಂಗಳೂರಿನ ಅತುಲ್ ಚಿಟ್ನಿಸ್. ಸಿಡಿ ಬಂದ ಮೇಲೆ ಪ್ರಶ್ನೆಗಳು ಬಂದವು. ಪ್ರಶ್ನೆ ಇರುವವರೂ ಉತ್ತರ ಬಲ್ಲವರೂ ಒಂದೆಡೆ ಸೇರತೊಡಗಿದರು. ಬೆಂಗಳೂರು ಲಿನಕ್ಸ್ ಬಳಕೆದಾರರ ಬಳಗ ಬೆಳೆದದ್ದು ಹೀಗೆ. 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಎಂಬ ಸಮಾವೇಶ ಶುರುವಾಯಿತು. 2005ರಲ್ಲಿ ಅದರ ಹೆಸರು ‘ಫಾಸ್ ಡಾಟ್ ಇನ್’ ಎಂದಾಯಿತು. ಲಿನಕ್ಸ್‌ನ ತಿರುಳಾದ ಕರ್ನಲ್ ಬರೆಯುವವರೇ ವಿದೇಶದಿಂದ ಬಂದು ನಮ್ಮ ಹುಡುಗರ ಪಕ್ಕ ಕೂರುತ್ತಿದ್ದರು. ವರ್ಷಗಳು ಕಳೆದಂತೆ ಸಮಾವೇಶದ ಒಲವು ಬಳಸುವವರಿಂದ ಬರೆಯುವವರ ಕಡೆಗೆ ತಿರುಗಿತು. ಬರೀ ಬಳಸಿದರೆ ಸಾಲದು, ಕೊಡುಗೆ ಕೊಡಬೇಕು ಎಂಬುದು ಅವರ ಮಾತು. ಆ ಮಾತು ಸರಿ. ನಮ್ಮವರು ಜಗತ್ತಿನ ತಂತ್ರಾಂಶದಲ್ಲಿ ತಮ್ಮ ಹೆಸರಿನ ಸಾಲು ಬರೆಯುವಂತಾದದ್ದಕ್ಕೆ ಆ ಒತ್ತಾಯವೂ ಕಾರಣ. 2012ರದ್ದು ಕೊನೆಯ ಸಮಾವೇಶ. ಮರುವರ್ಷ ಜೂನ್ 3ರಂದು ಅತುಲ್ ತೀರಿಕೊಂಡರು. ಅವರಿಗೆ 51 ವರ್ಷ. ಅವರನ್ನು ನಾನು ದೂರದಿಂದ ಕಂಡವನು. ಆದರೆ ಅವರು ಹಂಚಿಸಿದ ಸಿಡಿಗಳ ಋಣ ನನ್ನಂಥ ಎಷ್ಟೋ ಜನರ ಮೇಲಿದೆ.

ಒಂದು ಕೊರತೆಯನ್ನು ಮಾತ್ರ ಹೇಳಲೇಬೇಕು. ಬಹುತೇಕ ಎಲ್ಲವೂ ಬೆಂಗಳೂರಿನಲ್ಲಿ ನಡೆಯಿತು, ಹೆಚ್ಚುಪಾಲು ಇಂಗ್ಲಿಷಿನಲ್ಲಿ ನಡೆಯಿತು. ಅಂದಿನ ಬಳಗಗಳಲ್ಲಿ ‘ಮೊದಲು ಮ್ಯಾನುಯಲ್ ಓದಿಕೊಂಡು ಬಾ’ ಎನ್ನುವುದು ಲೋಕದೆಲ್ಲೆಡೆ ಚಾಲ್ತಿಯಲ್ಲಿದ್ದ ಉತ್ತರ. ಮ್ಯಾನುಯಲ್ ಇಂಗ್ಲಿಷಿನಲ್ಲಿದೆ, ಅದನ್ನು ತೆರೆಯುವ ಬಗೆಯೇ ಗೊತ್ತಿಲ್ಲ ಎನ್ನುವವನು ಆ ಉತ್ತರ ಕೇಳಿ ಎದ್ದು ಹೋಗುತ್ತಾನೆ, ಮತ್ತೆ ಬರುವುದಿಲ್ಲ. ಹೆಣ್ಣುಮಕ್ಕಳು ಇನ್ನೂ ಬೇಗ ಎದ್ದು ಹೋದರು. 2002ರಲ್ಲಿ ವ್ಯಾಲ್ ಹೆನ್ಸನ್ ಎಂಬ ಅಮೆರಿಕದ ಕರ್ನಲ್ ಪ್ರೋಗ್ರಾಮರ್, ಲಿನಕ್ಸ್‌ಗೆ ಹೆಂಗಸರನ್ನು ಕರೆತರುವುದು ಹೇಗೆ ಎಂದು ಒಂದು ಕೈಪಿಡಿ ಬರೆದರು. ಅದರ ಒಂದು ಸಲಹೆ: ಕಲಿಯುವವಳ ಕೈಯಿಂದ ಕೀಬೋರ್ಡ್ ಕಿತ್ತುಕೊಳ್ಳಬೇಡಿ. ಓದಿದಾಗ ನನಗೆ ಆ ಭಾನುವಾರ ಕಣ್ಣ ಮುಂದೆ ಬಂತು. ಹೆಂಗಸರಿಗಷ್ಟೇ ಅಲ್ಲ, ಸಣ್ಣ ಊರಿಂದ ಬಂದ ಪ್ರತಿಯೊಬ್ಬರಿಗೂ ಸಲ್ಲುವ ಮಾತದು.

ಕನ್ನಡವನ್ನು ಯಂತ್ರಕ್ಕೆ ಒಗ್ಗಿಸಿದವರ ಕೆಲಸ ಇದರ ಪಕ್ಕದಲ್ಲೇ ಸದ್ದಿಲ್ಲದೆ ಸಾಗಿತ್ತು. ಹರಿಪ್ರಸಾದ್ ನಾಡಿಗರು 2005ರಲ್ಲಿ ಶುರುಮಾಡಿದ ‘ಸಂಪದ’ ಜಾಲತಾಣದಲ್ಲಿ ಲಿನಕ್ಸ್ ಕುರಿತ ಪ್ರಶ್ನೆಗಳಿಗೆ ಕನ್ನಡದಲ್ಲೇ ಉತ್ತರ ಸಿಗುತ್ತಿತ್ತು. ಓಂಶಿವಪ್ರಕಾಶ್ ‘ಲಿನಕ್ಸಾಯಣ’ ಎಂಬ ಹೆಸರಿಟ್ಟು ಪಾಠದ ಮೇಲೆ ಪಾಠ ಬರೆದರು. ಅರವಿಂದ ವಿ.ಕೆ. ‘ಗುಬ್ಬಿ’, ‘ನವಿಲು’ ಫಾಂಟುಗಳನ್ನು ಮಾಡಿ ಮುಕ್ತವಾಗಿ ಕೊಟ್ಟರು. ಇವತ್ತು ‘ಡೆಬಿಯನ್’ ಎಂಬ ಲಿನಕ್ಸ್‌ನಲ್ಲಿ ಆ ಹೆಸರುಗಳನ್ನು ಹುಡುಕಿದರೆ ಸಿಗುತ್ತವೆ. ಮೆನುವಿನ ಸಾವಿರಾರು ಪದಗಳನ್ನು ಒಂದೊಂದಾಗಿ ಕನ್ನಡಕ್ಕೆ ತಂದವರಿದ್ದಾರೆ. ಅವರು ಬಳಸಿದ ಮಾತು ಜನರಿಗೆ ಹತ್ತಿತೋ ಇಲ್ಲವೋ ಎಂದು ಅವರಿಗೆ ಹೇಳಿದವರು ಕಡಿಮೆ. ‘ಕಡತ’ ಎಂದರೆ ಹೊಸಪೇಟೆಯ ಹುಡುಗ ಹುಬ್ಬೇರಿಸುತ್ತಾನೆ, ಅವನಿಗೆ ಅದು ‘ಫೈಲು’. ಇಂಥ ಒಂದು ಮಾತನ್ನು ಬಳಸುವವನು ಬರೆದವರಿಗೆ ಮುಟ್ಟಿಸುವ ಸುಲಭದ ದಾರಿಯೊಂದು ಇದ್ದಿದ್ದರೆ ಆ ಅನುವಾದ ಇನ್ನೂ ಹಗುರಾಗುತ್ತಿತ್ತು. ಅಂಥ ಸುಲಭದ ದಾರಿ ನನಗೆ ಇವತ್ತಿಗೂ ಕಂಡಿಲ್ಲ.

ನನ್ನ ಲೆಕ್ಕದಲ್ಲಿ ಈ ಮೂವತ್ತು ವರ್ಷಗಳಲ್ಲಿ ಎಲ್ಲಕ್ಕಿಂತ ದೊಡ್ಡ ಲಿನಕ್ಸ್ ಬಳಗ, ತನ್ನನ್ನು ಎಂದೂ ಹಾಗೆ ಕರೆದುಕೊಳ್ಳದ ಒಂದು ಗುಂಪು. 2011ರಿಂದ ರಾಜ್ಯದ ಶಿಕ್ಷಣ ಇಲಾಖೆ, ‘ಐಟಿ ಫಾರ್ ಚೇಂಜ್’ ಸಂಸ್ಥೆಯ ಜೊತೆಗೂಡಿ ಸರ್ಕಾರಿ ಪ್ರೌಢಶಾಲೆಯ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಶಿಕ್ಷಕರಿಗೆ ‘ವಿಷಯ ಶಿಕ್ಷಕರ ವೇದಿಕೆ’ ನಡೆಸಿತು. ಬಳಸಿದ್ದು ಉಬುಂಟು. ಜಿಯೋಜೀಬ್ರಾದಲ್ಲಿ ತ್ರಿಭುಜ ಬರೆದರು, ಫ್ರೀಮೈಂಡ್‌ನಲ್ಲಿ ಪಾಠದ ನಕ್ಷೆ ಹಾಕಿದರು. ಮೊದಲು ಕಲಿತ ಶಿಕ್ಷಕರೇ ಜಿಲ್ಲೆಗಳಿಗೆ ಹೋಗಿ ಉಳಿದವರಿಗೆ ಕಲಿಸಿದರು.

ಸಂಡೂರು ಕಡೆಯ ಒಬ್ಬ ಗಣಿತ ಮೇಷ್ಟ್ರ ನೋಟ್‌ಬುಕ್ಕನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ನೀಲಿ ಪೆನ್ನಿನಲ್ಲಿ ಒಂದೊಂದು ಹೆಜ್ಜೆಯನ್ನೂ ಬರೆದಿದ್ದರು: ಎಡಗಡೆ ಮೇಲಿನ ಮೂಲೆ, ಅಪ್ಲಿಕೇಶನ್ಸ್, ಅದರೊಳಗೆ ಎಜುಕೇಶನ್, ಅದರೊಳಗೆ ಜಿಯೋಜೀಬ್ರಾ. ಬದಿಯಲ್ಲಿ ಕೆಂಪು ಪೆನ್ನಿನ ಟಿಪ್ಪಣಿ: ‘ತೆರೆಯಲು ತಡವಾದರೆ ಮತ್ತೆ ಮತ್ತೆ ಒತ್ತಬಾರದು.’ ಅವರು ನನಗೆ ತ್ರಿಭುಜದ ಒಂದು ತುದಿ ಹಿಡಿದು ಎಳೆಯಲು ಹೇಳಿದರು. ಎಳೆದೆ. ಮೂರು ಕೋನಗಳ ಅಂಕಿ ಬದಲಾಗುತ್ತಾ ಹೋಯಿತು, ಮೊತ್ತ ಮಾತ್ರ 180ರಲ್ಲೇ ನಿಂತಿತು. ‘ಹುಡುಗ್ರಿಗೆ ನಾನು ಏನೂ ಹೇಳಂಗಿಲ್ರಿ. ಎಳೀರಿ ಅಂತೀನಿ, ಅಷ್ಟೆ. ಅವ್ರೇ ಹೇಳ್ತಾರ’ ಅಂದರು. ಮೌಸ್ ನನ್ನ ಕೈಯಲ್ಲಿತ್ತು, ಅವರ ಎರಡೂ ಕೈ ಬೆನ್ನ ಹಿಂದಿದ್ದವು. ಅವರಿಗೆ ಲಿನಕ್ಸ್ ಎಂಬ ಪದದ ಮೇಲೆ ವಿಶೇಷ ಅಭಿಮಾನವೇನೂ ಇರಲಿಲ್ಲ. ಕಲಿಸುವುದು ಹೇಗೆಂದು ಗೊತ್ತಿತ್ತು, ತಾವು ಕಲಿತದ್ದನ್ನು ತಮ್ಮ ಮಾತಿನಲ್ಲಿ ಬರೆದಿಟ್ಟುಕೊಂಡಿದ್ದರು. ಬೆಂಗಳೂರಿನ ಕೂಟಗಳಲ್ಲಿ ಸಿಗದ ಎರಡು ಸಂಗತಿ ಇವೇ.

ಇಂಥದ್ದು ಒಂದು ಯೋಜನೆಯಾಗಿ ಮುಗಿದುಹೋಗದೆ ಶಾಲೆಯ ದಿನಚರಿಯೇ ಆಗಬೇಕಿತ್ತು. ಕೇರಳದಲ್ಲಿ ಹಾಗಾಗಿದೆ. ಅಲ್ಲಿನ ಸರ್ಕಾರಿ ಶಾಲೆಗಳ ಕಂಪ್ಯೂಟರ್ ಪಾಠ ಮುಕ್ತ ತಂತ್ರಾಂಶದ ಮೇಲೆಯೇ ನಡೆಯುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಅದರ ಪಠ್ಯಪುಸ್ತಕ ಕನ್ನಡದಲ್ಲೇ ಸಿಗುತ್ತದೆ. ಕನ್ನಡದಲ್ಲಿ ಲಿನಕ್ಸ್ ಕಲಿಯುವ ಮಗು ಗಡಿಯಾಚೆ ಇದೆ, ಹಂಪಿಯ ನೆರಳಿನಲ್ಲಿರುವ ಮಗುವಿಗೆ ಆ ಭಾಗ್ಯವಿಲ್ಲ. ನಾನು ಇದನ್ನು ನೋವಿನಿಂದಲೇ ಬರೆಯುತ್ತಿದ್ದೇನೆ.

ಇತ್ತ ನಮ್ಮ ಕಾಲೇಜುಗಳಲ್ಲಿ ‘ಸ್ವತಂತ್ರ ತಂತ್ರಾಂಶ ಚಳವಳಿ – ಕರ್ನಾಟಕ’ದವರು ಬಳಗಗಳನ್ನು ಕಟ್ಟಿದರು, ಬೇಸಿಗೆ ಶಿಬಿರ ನಡೆಸಿದರು. ಎಂಜಿನಿಯರಿಂಗ್ ಓದುವವರು ಬಂದರು, ಕಲಿತರು, ಕೆಲಸ ಸಿಕ್ಕಿ ಹೋದರು. ಓದು ಮುಗಿಸಿ ಹೊರಟವರ ಜೊತೆ ಬಳಗವೂ ಊರು ಬಿಡುತ್ತಿತ್ತು. ಅದೇ ಚಳವಳಿಯವರು ಬೆಂಗಳೂರಿನ ಒಂದು ಕೊಳೆಗೇರಿಯಲ್ಲಿ ಅಂಬೇಡ್ಕರ್ ಹೆಸರಿನಲ್ಲಿ ನಡೆಸಿದ ಕಂಪ್ಯೂಟರ್ ಕೇಂದ್ರ ನನಗೆ ಹೆಚ್ಚು ಇಷ್ಟ. ಅಲ್ಲಿ ಮಕ್ಕಳು ಗಿಂಪ್‌ನಲ್ಲಿ ಚಿತ್ರ ಬರೆಯುವುದನ್ನು ಕಲಿತರು. ಆ ಮಕ್ಕಳ ಮನೆ ಅಲ್ಲೇ ಇತ್ತು. ಕಲಿತವರು ಅಲ್ಲೇ ಉಳಿಯುತ್ತಾರೆಂದರೆ ಕಲಿಸುವವರೂ ಅಲ್ಲೇ ಹುಟ್ಟುತ್ತಾರೆ.

ಇನ್ನು ನಮ್ಮ ಕಡೆಯ ಮಾತು. 2011ರ ಏಪ್ರಿಲ್‌ನಲ್ಲಿ ಉಬುಂಟು ಸಿಡಿಗಳ ಉಚಿತ ಅಂಚೆ ನಿಂತಿತು. ಅದೇ ಜುಲೈ ಕೊನೆಯಲ್ಲಿ ಹಂಪಿ ಬಜಾರಿನ ಸಾಲು ಮಂಟಪಗಳಲ್ಲಿದ್ದ ಅಂಗಡಿ, ಮನೆಗಳನ್ನು ತೆರವು ಮಾಡಿದರು. ಸುತ್ತಲ ಓಣಿಗಳ ವ್ಯಾಪಾರವೂ ಚದುರಿತು, ಗೆಳೆಯನ ಕೆಫೆ ಮುಚ್ಚಿತು. ಆ ನಾಲ್ಕು ಯಂತ್ರಗಳಲ್ಲಿ ಎರಡು ಹೊಸಪೇಟೆಯ ನನ್ನ ಡಿಟಿಪಿ ಕೋಣೆಗೆ ಬಂದವು. ಅಷ್ಟರಲ್ಲಿ ಎಲ್ಲರ ಕೈಗೂ ಮೊಬೈಲ್ ಬಂತು. ಆಂಡ್ರಾಯ್ಡ್‌ನ ಒಳಗಿರುವುದೂ ಲಿನಕ್ಸ್ ಕರ್ನಲ್ಲೇ. ಹಾಗೆ ನೋಡಿದರೆ ಕಂಪ್ಲಿಯ ಭತ್ತದ ವ್ಯಾಪಾರಿಯಿಂದ ಸಂಡೂರಿನ ಲಾರಿ ಚಾಲಕನವರೆಗೆ ಎಲ್ಲರೂ ಲಿನಕ್ಸ್ ಬಳಕೆದಾರರೇ. ಆದರೆ ಬಿಚ್ಚಿ ನೋಡುವ, ಸರಿಮಾಡಿಕೊಳ್ಳುವ ಹಕ್ಕು ಅವರ ಕೈಗೆ ಬಂದಿಲ್ಲ. ಇದನ್ನು ಗೆಲುವೆಂದು ಎಣಿಸಲು ನನ್ನಿಂದಾಗದು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಇಂಟೆಲ್‌ನ ಎಂಟನೇ ಪೀಳಿಗೆಗಿಂತ ಹಳೆಯ ಬಹುಪಾಲು ಯಂತ್ರಗಳನ್ನು ವಿಂಡೋಸ್ 11 ಒಪ್ಪುವುದಿಲ್ಲ. ನಮ್ಮ ಜೆರಾಕ್ಸ್ ಅಂಗಡಿ, ಸಹಕಾರ ಸಂಘ, ಲಾರಿ ಆಫೀಸುಗಳಲ್ಲಿ ನಾನು ಕಾಣುವುದು ಹೆಚ್ಚಾಗಿ ಅಂಥ ಯಂತ್ರಗಳೇ. ಆ ಅಕ್ಟೋಬರಿನಿಂದ ಭಾನುವಾರಗಳಲ್ಲಿ ನನ್ನ ಕೋಣೆಗೆ ಜನ ಬರತೊಡಗಿದ್ದಾರೆ. ನಾವು ನಾಲ್ಕೈದು ಜನ ಕೂರುತ್ತೇವೆ. ಇದಕ್ಕಿನ್ನೂ ಹೆಸರಿಟ್ಟಿಲ್ಲ. ಒಂದು ಗೆರೆ ಹಾಕಿದ ವಹಿ ಇದೆ. ಬಂದವರ ಪ್ರಶ್ನೆಯನ್ನು ಅವರ ಮಾತಿನಲ್ಲೇ ಎಡಪುಟದಲ್ಲಿ ಬರೆಯುತ್ತೇವೆ, ಉತ್ತರ ಸಿಕ್ಕ ದಿನ ಬಲಪುಟದಲ್ಲಿ ಬರೆಯುತ್ತೇವೆ. ‘ಪ್ರಿಂಟರ್ ತೋರಿಸ್ತೈತಿ, ಪ್ರಿಂಟ್ ಬರಂಗಿಲ್ಲ.’ ‘ಪಾಸ್‌ವರ್ಡ್ ಹೊಡೆದ್ರೆ ಏನೂ ಕಾಣಂಗಿಲ್ಲ.’ ಎರಡನೆಯದಕ್ಕೆ ಉತ್ತರ ಸುಲಭ: ಕಪ್ಪು ಕಿಟಕಿಯಲ್ಲಿ ಪಾಸ್‌ವರ್ಡ್ ಸಾಮಾನ್ಯವಾಗಿ ಕಾಣಿಸುವುದಿಲ್ಲ, ಹೊಡೆದು ಎಂಟರ್ ಒತ್ತಿ. ಹೀಗೆಂದು ಯಾರೂ ಹೇಳದೆ ಲಿನಕ್ಸ್ ಬಿಟ್ಟವರನ್ನು ನಾನು ಬಲ್ಲೆ.

ಬಲಪುಟ ಖಾಲಿ ಉಳಿದ ಪ್ರಶ್ನೆಗಳೂ ಇವೆ. ಕಂಪ್ಲಿಯಲ್ಲಿ ಲಗ್ನಪತ್ರಿಕೆ ಮಾಡುವ ಒಬ್ಬ ಅಕ್ಕ ಹದಿನೈದು ವರ್ಷದ ಫೈಲುಗಳನ್ನು ಪೆನ್‌ಡ್ರೈವ್‌ನಲ್ಲಿ ತಂದಿದ್ದರು. ಎಲ್ಲವೂ ಹಳೆಯ ನುಡಿ ಫಾಂಟಿನವು. ತೆರೆದರೆ ಕನ್ನಡದ ಜಾಗದಲ್ಲಿ ತಲೆಯ ಮೇಲೆ ಸೊಟ್ಟ ಗೆರೆ ಹೊತ್ತ ರೋಮನ್ ಅಕ್ಷರಗಳು. ಆ ಹಳೆಯ ಬರಹವನ್ನು ಯುನಿಕೋಡ್‌ಗೆ ತಿರುಗಿಸುವ ಮುಕ್ತ ಪರಿವರ್ತಕ ನಮ್ಮವರೇ ಮಾಡಿದ್ದಿದೆ. ಅದನ್ನು ಅವರ ಕೈಯಲ್ಲೇ ನಡೆಸಿದೆವು. ಒಂದೊಂದು ಕೀಲಿ ಹುಡುಕಿ ಒತ್ತಲು ಹೊತ್ತು ಹಿಡಿಯಿತು. ನನ್ನ ಕೈ ಎರಡು ಸಲ ಮುಂದೆ ಹೋಗಿ ಹಿಂದೆ ಬಂತು. ಪತ್ರಿಕೆಯ ಒಕ್ಕಣೆ ಕನ್ನಡದಲ್ಲಿ ನೆಟ್ಟಗೆ ನಿಂತಿತು. ‘ಬಂತ್ರಿ!’ ಅಂದರು. ಆಮೇಲೆ ಕೋರಲ್‌ಡ್ರಾದಲ್ಲಿ ಮಾಡಿದ ಒಂದು ಪತ್ರಿಕೆ ತೆರೆದೆವು. ಇಂಕ್‌ಸ್ಕೇಪ್ ಎಂಬ ಮುಕ್ತ ತಂತ್ರಾಂಶ ಅದನ್ನು ತೆರೆಯಿತು, ಆದರೆ ಗಣಪತಿಯ ಸುತ್ತಲಿನ ಬಳ್ಳಿಯ ಚೌಕಟ್ಟು ಕದಲಿ ಒಂದು ಕಡೆ ವಾಲಿತ್ತು. ‘ಇದು ಹಿಂಗ ಇದ್ರೆ ಗಿರಾಕಿ ತಗೊಳ್ಳಂಗಿಲ್ಲಣ್ಣ’ ಅಂದರು. ಅವರ ಮಾತು ನಿಜ. ಎಡಪುಟದಲ್ಲಿ ಆ ಪ್ರಶ್ನೆಯನ್ನು ಅವರೇ ಬರೆದರು. ಮುಂದಿನ ಭಾನುವಾರ ಅದೇ ಚೌಕಟ್ಟಿನ ಇನ್ನೆರಡು ಫೈಲು ತರುತ್ತೇನೆ, ಎಲ್ಲದರಲ್ಲೂ ಅದೇ ಕಡೆ ವಾಲುತ್ತದೋ ನೋಡೋಣ ಎಂದು ಹೇಳಿ ಕಂಪ್ಲಿ ಬಸ್ಸಿಗೆ ಹೊರಟರು.