ಸೌಂದರ್ಯ ಸ್ಪರ್ಧೆ ಮತ್ತು ನಮ್ಮ ಕೊನೆಯ ಪುಟ

ನಮ್ಮ ತ್ರೈಮಾಸಿಕದ ಹಳೆಯ ಸಂಚಿಕೆಗಳನ್ನು ಗಣಕಯಂತ್ರಕ್ಕೆ ಏರಿಸುವ ಕೆಲಸ ಸಂಘದ ಕಚೇರಿಯಲ್ಲಿ ಕೆಲವು ತಿಂಗಳಿಂದ ನಡೆದಿದೆ. ಧೂಳು ಹಿಡಿದ ಬೈಂಡುಗಳನ್ನು ಬಿಡಿಸಿ, ಒಂದೊಂದೇ ಪುಟವನ್ನು ಸ್ಕ್ಯಾನ್ ಮಾಡುವ ಈ ತಾಳ್ಮೆಯ ಕೆಲಸವನ್ನು ಸಂಘದ ಕಿರಿಯ ಸದಸ್ಯೆಯೊಬ್ಬರು ವಹಿಸಿಕೊಂಡಿದ್ದಾರೆ. ಕಳೆದ ತಿಂಗಳು ಅವರು 1996ರ ಕೊನೆಯ ಸಂಚಿಕೆಯನ್ನು ನನ್ನ ಮುಂದಿಟ್ಟು, "ಸರ್, ಮೊದಲ ಪುಟ ಓದಿ, ಆಮೇಲೆ ಕೊನೆಯ ಪುಟ ಓದಿ" ಎಂದಷ್ಟೇ ಹೇಳಿ ತಮ್ಮ ಕೆಲಸಕ್ಕೆ ಮರಳಿದರು.

ಮೊದಲ ಪುಟದಲ್ಲಿದ್ದುದು ನಾನೇ ಬರೆದ ಸಂಪಾದಕೀಯ. ಬೆಂಗಳೂರಿನಲ್ಲಿ ಆ ವರ್ಷ ನವೆಂಬರ್ 23ರಂದು ನಡೆದ ವಿಶ್ವಸುಂದರಿ ಸ್ಪರ್ಧೆಯನ್ನು ಖಂಡಿಸಿ ಬರೆದದ್ದು. ಭಾಷೆ ಬಿಸಿಯಾಗಿಯೇ ಇದೆ. "ಭಾರತೀಯ ನಾರಿಯ ಶೀಲ", "ಪಾಶ್ಚಾತ್ಯ ಭೋಗ ಸಂಸ್ಕೃತಿಯ ದಾಳಿ" ಮೊದಲಾದ ನುಡಿಗಟ್ಟುಗಳಿಗೆ ಅದರಲ್ಲಿ ಬರವಿಲ್ಲ. ಕೊನೆಯ ಪುಟದಲ್ಲಿ ಎಂದಿನಂತೆ ವಧೂವರರ ಅಂಕಣ. "ಗೌರವರ್ಣದ, ತೆಳ್ಳನೆಯ, ಗೃಹಕೃತ್ಯನಿಪುಣ ಕನ್ಯೆ ಬೇಕು." "ಬಿಳಿ ಮೈಬಣ್ಣ, 5 ಅಡಿ 4 ಅಂಗುಲ, ಪದವೀಧರೆ." "ಗೋಧಿ ಬಣ್ಣ, ಲಕ್ಷಣವಂತೆ." ಆ ಪುಟದಲ್ಲಿ ಮೈಬಣ್ಣದ ಮಾತಿಲ್ಲದ ಜಾಹೀರಾತುಗಳು ಎರಡೇ ಎರಡು. ಅವೆರಡೂ ವಿಧುರರವು.

ಈ ಎರಡು ಪುಟಗಳ ನಡುವಿನ ಅಂತರವನ್ನು ಕುರಿತು ನಾನು ಬರೆಯಬೇಕಾಗಿತ್ತು. ತಡವಾಗಿಯಾದರೂ ಬರೆಯುತ್ತಿದ್ದೇನೆ.

ಆ ನವೆಂಬರಿನಲ್ಲಿ ನಾನು ಬಂಧುಗಳ ಮದುವೆಗೆಂದು ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಮುಂಬಯಿಯಿಂದ ಬೆಂಗಳೂರಿಗೆ ಹೋಗಿದ್ದೆ. ಚಿನ್ನಸ್ವಾಮಿ ಕ್ರೀಡಾಂಗಣದ ಸುತ್ತ ಪೊಲೀಸರ ಸರ್ಪಗಾವಲು. ಹೊಸ ಮುಖ್ಯಮಂತ್ರಿ ಜೆ.ಎಚ್. ಪಟೇಲರ ಸರ್ಕಾರ ಸ್ಪರ್ಧೆಯ ರಕ್ಷಣೆಗೆ ನಿಂತಿತ್ತು. ಅಮಿತಾಭ್ ಬಚ್ಚನ್ನರ ಎ.ಬಿ.ಸಿ.ಎಲ್. ಕಂಪನಿ ಅದರ ವ್ಯವಸ್ಥೆಯನ್ನು ವಹಿಸಿಕೊಂಡಿತ್ತು. ಈಜುಡುಗೆಯ ಸುತ್ತನ್ನು ವಿರೋಧಕ್ಕೆ ಹೆದರಿ ಸೇಶೆಲ್ಸ್ ದ್ವೀಪಗಳಿಗೆ ಸಾಗಿಸಲಾಗಿತ್ತು. 88 ದೇಶಗಳ ಯುವತಿಯರು ಬಂದಿದ್ದರು. ಕಿರೀಟ ಗ್ರೀಸಿನ ಐರೀನ್ ಸ್ಕ್ಲೀವಾ ಅವರಿಗೆ ಹೋಯಿತು. ಕಂಪನಿಗೆ ಆದದ್ದು ನಷ್ಟ. ಮದುರೈಯಲ್ಲಿ ಮಾತ್ರ ಈ ಸ್ಪರ್ಧೆಯನ್ನು ವಿರೋಧಿಸಿ ಯುವಕನೊಬ್ಬ ಮೈಗೆ ಬೆಂಕಿ ಹಚ್ಚಿಕೊಂಡು ಪ್ರಾಣ ಕಳೆದುಕೊಂಡಿದ್ದ. ಆ ಸಾವಿನ ಬಗ್ಗೆ ನನ್ನ ಸಂಪಾದಕೀಯದಲ್ಲಿ ಒಂದು ವಾಕ್ಯವಿದೆ. ಒಂದೇ ವಾಕ್ಯ.

ಬೀದಿಗಿಳಿದವರಲ್ಲಿ ಎರಡು ಬಗೆಯವರಿದ್ದರು. ಹೆಣ್ಣಿನ ದೇಹವನ್ನು ಸರಕಾಗಿಸುವ ಮಾರುಕಟ್ಟೆಯನ್ನು ಪ್ರಶ್ನಿಸಿದ ಮಹಿಳಾ ಸಂಘಟನೆಗಳು, ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ಒಂದು ಕಡೆ. ಅದೇ ವರ್ಷದ ಜನವರಿಯಲ್ಲಿ ಕೆಂಟಕಿ ಚಿಕನ್ ಮಳಿಗೆಗೆ ನುಗ್ಗಿದ ರೈತ ಸಂಘಕ್ಕೆ ಸುಂದರಿಯರ ಮೆರವಣಿಗೆಯೂ ಅದೇ ಜಾಗತಿಕ ಬಂಡವಾಳದ ಇನ್ನೊಂದು ಮುಖವಾಗಿ ಕಂಡಿತ್ತು. ಇನ್ನೊಂದು ಕಡೆ, ಹೆಣ್ಣು ಮೈ ತೋರಿಸಿದರೆ ಧರ್ಮ ಕೆಟ್ಟಿತೆಂದು ಕೂಗಿದವರು. ಇವರಿಗೆ ಹೆಣ್ಣಿನ ಅವಮಾನಕ್ಕಿಂತ ಕುಲದ ಮಾನ ಮುಖ್ಯವಾಗಿತ್ತು. ಘೋಷಣೆಗಳು ಕಲಸಿಹೋದವು, ಯಾರು ಯಾವುದಕ್ಕಾಗಿ ನಿಂತಿದ್ದಾರೆಂಬುದು ತಿಳಿಯದಂತಾಯಿತು. ನನ್ನ ಲೇಖನಿ ಯಾವ ಕಡೆ ವಾಲಿತ್ತೆಂಬುದಕ್ಕೆ ಆ ಮೊದಲ ಪುಟವೇ ಸಾಕ್ಷಿ. ಉಟ್ಟ ಬಟ್ಟೆಯನ್ನೇ ತೊರೆದು ಅರಮನೆಯಿಂದ ಹೊರನಡೆದ ಅಕ್ಕಮಹಾದೇವಿಯ ನಾಡಿನವನು, ಬಟ್ಟೆಯ ಅಳತೆಯಲ್ಲಿ ಸಂಸ್ಕೃತಿಯನ್ನು ಅಳೆಯಲು ಹೊರಟಿದ್ದೆ.

ಬಟ್ಟೆಯ ಕಥೆ ಬೇರೆಯೇ ಇದೆ. ವಿಶ್ವಸುಂದರಿ ಸ್ಪರ್ಧೆ ಹುಟ್ಟಿದ್ದು 1951ರಲ್ಲಿ, ಲಂಡನ್ನಿನಲ್ಲಿ. ಬ್ರಿಟನ್ನಿನ ರಾಷ್ಟ್ರೀಯ ಉತ್ಸವದ ಸಂದರ್ಭದಲ್ಲಿ ಎರಿಕ್ ಮಾರ್ಲೆ ಎಂಬ ಮನರಂಜನೆಯ ವ್ಯಾಪಾರಿ ಪ್ರಚಾರಕ್ಕೆಂದು ಏರ್ಪಡಿಸಿದ ಬಿಕಿನಿ ಪ್ರದರ್ಶನ ಅದು. ಮರುವರ್ಷ ಹುಟ್ಟಿದ ಮಿಸ್ ಯೂನಿವರ್ಸ್‌ನ ಹಿಂದೆ ಅಮೆರಿಕದ ಕ್ಯಾಟಲಿನಾ ಎಂಬ ಈಜುಡುಗೆಯ ವ್ಯಾಪಾರವಿತ್ತು. ಮಿಸ್ ಅಮೆರಿಕಾ ಕಿರೀಟ ಧರಿಸಿದ್ದ ಯೋಲಾಂಡ್ ಬೆಟ್‌ಬೀಜ್ ಎಂಬ ಯುವತಿ, ಈಜುಡುಗೆ ತೊಟ್ಟು ಪ್ರಚಾರ ಮಾಡಲಾರೆ ಎಂದು ಕಡ್ಡಿ ಮುರಿದಂತೆ ಹೇಳಿದ್ದಕ್ಕೆ ಕಂಪನಿ ಮುನಿದು ತನ್ನದೇ ಸ್ಪರ್ಧೆಯನ್ನು ಕಟ್ಟಿತು. ವಿರೋಧವೂ ಅಲ್ಲಿಯೇ ಹುಟ್ಟಿತೆಂಬುದನ್ನು ನಾವು ಮರೆಯುತ್ತೇವೆ. 1970ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮಹಿಳಾ ವಿಮೋಚನೆಯ ಕಾರ್ಯಕರ್ತೆಯರು ಹಿಟ್ಟಿನ ಪೊಟ್ಟಣಗಳನ್ನೆಸೆದು ಸ್ಪರ್ಧೆಗೆ ಅಡ್ಡಿಪಡಿಸಿದರು. ಅವರಾರೂ ತಮ್ಮ ಶೀಲ ಕೆಟ್ಟಿತೆಂದು ಅಳಲಿಲ್ಲ. ದನದ ಸಂತೆಯಲ್ಲಿ ನಿಲ್ಲಲಾರೆವು ಎಂದರು.

ನಮ್ಮ ನಗರದ ನೆನಪೂ ಇಲ್ಲಿದೆ. 1966ರಲ್ಲಿ ವಿಶ್ವಸುಂದರಿಯಾದ ರೀಟಾ ಫಾರಿಯಾ ಮುಂಬಯಿಯ ಗ್ರಾಂಟ್ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿನಿ. ಏಷ್ಯಾದಿಂದ ಆ ಕಿರೀಟ ಧರಿಸಿದ ಮೊದಲಿಗರು. ಒಂದು ವರ್ಷದ ಕರಾರು ಮುಗಿದೊಡನೆ ಮತ್ತೆ ವೈದ್ಯಶಾಸ್ತ್ರಕ್ಕೆ ಮರಳಿ ವೈದ್ಯೆಯಾದರು. ಅಂದು ಅವರನ್ನು ಅನುಕರಿಸಿ ಕನ್ನಡಿಯ ಮುಂದೆ ಉಪವಾಸ ಕುಳಿತ ಹುಡುಗಿಯರು ನಮ್ಮ ಚಾಳುಗಳಲ್ಲಿ ಇದ್ದರೆಂದು ನಾನು ಕೇಳಿಲ್ಲ. 1994ರ ನಂತರ ಹಾಗಾಗಲಿಲ್ಲ. ಆ ವರ್ಷ ಸುಶ್ಮಿತಾ ಸೇನ್ ಮನಿಲಾದಲ್ಲಿ, ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಬೆಳೆದ ಐಶ್ವರ್ಯಾ ರೈ ದಕ್ಷಿಣ ಆಫ್ರಿಕಾದಲ್ಲಿ ಗೆದ್ದರು. 1997, 1999, 2000ರಲ್ಲಿ ಮತ್ತೆ ವಿಶ್ವಸುಂದರಿಯರು. 2000ದಲ್ಲಿಯೇ ಮಿಸ್ ಯೂನಿವರ್ಸ್ ಕೂಡ. ಏಳು ವರ್ಷಗಳಲ್ಲಿ ಆರು ಕಿರೀಟ. ಆಮೇಲೆ 2017ರವರೆಗೆ ಈ ಎರಡೂ ಸ್ಪರ್ಧೆಗಳಲ್ಲಿ ಒಂದೂ ಇಲ್ಲ. 1991ರ ಹೊಸ ಆರ್ಥಿಕ ನೀತಿಯ ಬೆನ್ನಿಗೆ ವಿದೇಶಿ ಪ್ರಸಾಧನ ಕಂಪನಿಗಳು ಇಲ್ಲಿ ಅಂಗಡಿ ತೆರೆದ ಕಾಲಕ್ಕೂ ಈ ಕಿರೀಟಗಳ ಸುಗ್ಗಿಗೂ ನಂಟಿದೆಯೆಂದು ಹೇಳುವವರಿದ್ದಾರೆ. ತೀರ್ಪುಗಾರರ ಮನಸ್ಸನ್ನು ನಾನು ಹೊಕ್ಕು ನೋಡಿಲ್ಲ. ಆದರೆ ಸುಗ್ಗಿ ಯಾರ ಕಣಜ ತುಂಬಿತೆಂಬುದು ನಮ್ಮ ಬೀದಿಯ ತಿರುವಿನ ಔಷಧದಂಗಡಿಗೆ ಹೋದರೆ ಕಾಣುತ್ತದೆ. ನೋವಿನೆಣ್ಣೆ ಹಿಂದಿನ ಕಪಾಟಿಗೆ ಸರಿದು, ಮುಖಕ್ಕೆ ಹಚ್ಚುವ ಡಬ್ಬಿಗಳು ಮುಂದೆ ಬಂದಿವೆ.

ಹಾಗೆಂದು ಮೈಬಣ್ಣದ ಹುಚ್ಚನ್ನು ಕಂಪನಿಗಳ ತಲೆಗೇ ಕಟ್ಟಿ ಕೈತೊಳೆದುಕೊಳ್ಳುವುದು ಅಪ್ರಾಮಾಣಿಕತೆಯಾದೀತು. ಫೇರ್ ಅಂಡ್ ಲವ್ಲಿ ನಮ್ಮ ದೇಶದಲ್ಲಿ ಮಾರಾಟಕ್ಕೆ ಬಂದದ್ದು 1975ರಲ್ಲಿ, ಈ ಸುಂದರಿಯರಿಗಿಂತ ಎಷ್ಟೋ ಮೊದಲು. ಕಂಪನಿ ಹಸಿವನ್ನು ಹುಟ್ಟಿಸಲಿಲ್ಲ; ನಮ್ಮ ಮನೆಗಳಲ್ಲಿ ಮೊದಲೇ ಇದ್ದ ಹಸಿವಿಗೆ ಕೊಳವೆ ತುಂಬಿ ಕೊಟ್ಟಿತು. ಬೇಲೂರಿನ ಮದನಿಕೆಯರು ಕಡೆದು ನಿಂತಿರುವುದು ಕಪ್ಪನೆಯ ಬಳಪದ ಕಲ್ಲಿನಲ್ಲಿ. ಅವರ ತುಂಬಿದ ತೊಡೆ ನಿತಂಬಗಳನ್ನು ಇಂದಿನ ಯಾವ ತೀರ್ಪುಗಾರನೂ ಒಪ್ಪಲಾರ. ಮಹಾಭಾರತದ ದ್ರೌಪದಿ ಕೃಷ್ಣೆ. ಕಪ್ಪು ಮೈಬಣ್ಣವೇ ಅವಳ ಹೆಸರು. ಇದನ್ನೆಲ್ಲ ವೇದಿಕೆಯ ಮೇಲೆ ಹೆಮ್ಮೆಯಿಂದ ಹೇಳುವ ನಾವು ಮನೆಗೆ ಬಂದು ಕೃಷ್ಣೆಯರನ್ನು ತಿರಸ್ಕರಿಸುತ್ತಲೇ ಬಂದಿದ್ದೇವೆ.

ನನ್ನ ದೊಡ್ಡಕ್ಕ ಎಣ್ಣೆಗಪ್ಪು. ಊರಿನ ಚಾವಡಿಯಲ್ಲಿ ಅವಳನ್ನು ನೋಡಲು ಬಂದವರು ಉಪ್ಪಿಟ್ಟು ತಿಂದು, ಹಾಡಿಸಿ, ನಡೆಸಿ, ಲೋಟ ಎತ್ತಿ ಕೊಡಲು ಹೇಳಿ ಕೈಬೆರಳುಗಳನ್ನು ಗಮನಿಸಿ, "ಊರಿಗೆ ಹೋಗಿ ಕಾಗದ ಬರೆಯುತ್ತೇವೆ" ಎಂದು ಎದ್ದು ಹೋದದ್ದನ್ನು ನಾನು ಹುಡುಗನಾಗಿದ್ದಾಗ ನಾಲ್ಕು ಸಲ ನೋಡಿದೆ. ಐದನೆಯ ಸಲ ಅಮ್ಮ ಅವಳ ಮುಖಕ್ಕೆ ಪೌಡರನ್ನು ಎಷ್ಟು ಬಳಿದಿದ್ದರೆಂದರೆ ಬೆವರು ಇಳಿದ ಜಾಗದಲ್ಲಿ ಗೆರೆಗಳು ಮೂಡಿದ್ದವು. ಅಕ್ಕ ಒಳಗೆ ಬಂದವಳೇ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ದಿನ ನಮ್ಮ ಚಾವಡಿಯಲ್ಲಿ ಕುಳಿತವರ ಕೈಯಲ್ಲಿ ಅಂಕಪಟ್ಟಿ ಇರಲಿಲ್ಲ ಎಂಬುದೊಂದನ್ನು ಬಿಟ್ಟರೆ, ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದುದಕ್ಕೂ ಅದಕ್ಕೂ ಏನು ವ್ಯತ್ಯಾಸವಿತ್ತು? ವ್ಯತ್ಯಾಸವಿತ್ತು: ಕ್ರೀಡಾಂಗಣಕ್ಕೆ ಬಂದವರು ಸ್ವಇಚ್ಛೆಯಿಂದ ಬಂದಿದ್ದರು. ಸೋತವರಿಗೆ ಹಿಂದಿರುಗಲು ಟಿಕೆಟ್ಟಿತ್ತು.

ಆದ್ದರಿಂದಲೇ ವೇದಿಕೆ ಏರುವ ಯುವತಿಯರ ಮೇಲೆ ನನ್ನ ಜಗಳ ಉಳಿದಿಲ್ಲ. 2022ರಲ್ಲಿ ಮಿಸ್ ಇಂಡಿಯಾ ಆದ ಸಿನಿ ಶೆಟ್ಟಿ ಈ ಮುಂಬಯಿಯಲ್ಲೇ ಹುಟ್ಟಿ ಕರ್ನಾಟಕದ ಪರವಾಗಿ ಸ್ಪರ್ಧಿಸಿದವರು. 2024ರ ಮಾರ್ಚಿನಲ್ಲಿ ವಿಶ್ವಸುಂದರಿಯ ಅಂತಿಮ ಸುತ್ತು ಇದೇ ನಗರದಲ್ಲಿ ನಡೆದಾಗ ನಮ್ಮ ಸಂಘದ ಎಷ್ಟೋ ಮನೆಗಳಲ್ಲಿ ರಾತ್ರಿ ಟಿ.ವಿ. ಆರಲಿಲ್ಲ. ಕೆಲಸ, ಸಂಪಾದನೆ, ಒಂದು ಹೆಸರು ಇವುಗಳಿಗೆ ಅದೊಂದು ಏಣಿ ಎಂದು ಹುಡುಗಿಯೊಬ್ಬಳು ತಿಳಿದರೆ, ಅವಳಿಗೆ ಬೇರೆ ಏಣಿಗಳನ್ನು ಎಷ್ಟು ಇಟ್ಟಿದ್ದೇವೆಂದು ನಾವು ಮೊದಲು ಲೆಕ್ಕ ಕೊಡಬೇಕು. ನನ್ನ ಚಿಂತೆ ಟಿ.ವಿ.ಯ ಈಚೆ ಕುಳಿತವರದು. ಹಿಂದೆ ಊರಿಗೊಂದು ಚೆಲುವಿನ ಕಲ್ಪನೆಯಿತ್ತು. ಒಬ್ಬರು ಜಡೆ ನೋಡಿದರೆ ಇನ್ನೊಬ್ಬರು ಕಣ್ಣು ನೋಡುತ್ತಿದ್ದರು. ಈಗ ಮನಿಲಾಕ್ಕೂ ಮಂಗಳೂರಿಗೂ ಒಂದೇ ಸೊಂಟದ ಅಳತೆ. ಚಾವಡಿಯ ಪರೀಕ್ಷೆ ಮದುವೆಯೊಂದಿಗಾದರೂ ಮುಗಿಯುತ್ತಿತ್ತು. ಇದು ಮುಗಿಯುವುದಿಲ್ಲ, ನಲವತ್ತರ ಗೃಹಿಣಿಯನ್ನೂ ಬಿಡುವುದಿಲ್ಲ.

ವಿಶ್ವಸುಂದರಿ ಸ್ಪರ್ಧೆಯವರು 2014ರಲ್ಲಿ ಈಜುಡುಗೆಯ ಸುತ್ತನ್ನೇ ಕೈಬಿಡುವುದಾಗಿ ಸಾರಿದರು. 2020ರಲ್ಲಿ ಫೇರ್ ಅಂಡ್ ಲವ್ಲಿ ತನ್ನ ಹೆಸರಿನಿಂದ ಬಿಳುಪನ್ನು ತೆಗೆದು ಗ್ಲೋ ಅಂಡ್ ಲವ್ಲಿ ಆಯಿತು (ಡಬ್ಬಿಯೊಳಗೆ ಏನು ಬದಲಾಯಿತೆಂಬುದು ಬೇರೆ ಪ್ರಶ್ನೆ). ಅದೇ ವರ್ಷ ಶಾದಿ ಡಾಟ್ ಕಾಂ ಮೈಬಣ್ಣದ ಮೇಲೆ ವಧೂವರರನ್ನು ಸೋಸುವ ಸೌಲಭ್ಯವನ್ನು ತೆಗೆದುಹಾಕಿತು. ಸಂಸ್ಕೃತಿಯ ಕಾವಲಿಗೆ ನಿಂತ ನಮ್ಮ ತ್ರೈಮಾಸಿಕ? ಕಳೆದ ಸಂಚಿಕೆಯಲ್ಲಿಯೂ "ಗೌರವರ್ಣದ ಕನ್ಯೆ"ಯನ್ನು ಅಚ್ಚು ಹಾಕಿದೆ. ನಾನೇ ಕರಡು ತಿದ್ದಿದ್ದೇನೆ. "ಗೌರವರ್ಣ"ದಲ್ಲಿ ಅಕ್ಷರದೋಷ ಉಳಿಯದಂತೆ ನೋಡಿಕೊಂಡಿದ್ದೇನೆ.

ಬರುವ ಸಂಚಿಕೆಯಿಂದ ವಧೂವರರ ಅಂಕಣದಲ್ಲಿ ಮೈಬಣ್ಣ, ಎತ್ತರ, ಮೈಕಟ್ಟುಗಳ ಉಲ್ಲೇಖವಿರುವುದಿಲ್ಲ, ಗಂಡಿನದಾಗಲಿ ಹೆಣ್ಣಿನದಾಗಲಿ. ಸಂಪಾದಕ ಮಂಡಲಿಯಲ್ಲಿ ಈ ನಿರ್ಧಾರ ಒಂದು ಮತದ ಬಹುಮತದಿಂದ ಆಯಿತೆಂಬುದನ್ನು ಓದುಗರಿಂದ ಮುಚ್ಚಿಡುವುದಿಲ್ಲ. ಪತ್ರಿಕೆಯ ಮುದ್ರಣದ ಖರ್ಚಿನಲ್ಲಿ ಗಣನೀಯ ಪಾಲು ಈ ಅಂಕಣದಿಂದಲೇ ಬರುತ್ತದೆ. ಖಜಾಂಚಿಯವರ ಆತಂಕ ಸಕಾರಣವಾದುದು. ಸುದ್ದಿ ತಿಳಿದು ಇಬ್ಬರು ಈಗಾಗಲೇ ಜಾಹೀರಾತನ್ನು ಹಿಂತೆಗೆದುಕೊಂಡಿದ್ದಾರೆ. ಡೊಂಬಿವಲಿಯಿಂದ ತಾಯಿಯೊಬ್ಬರು ಫೋನ್ ಮಾಡಿ, "ನೀವು ಬಣ್ಣ ಬರೆಯದಿದ್ದರೆ ಅವರು ಮೊದಲು ಫೋಟೋ ಕೇಳುತ್ತಾರೆ, ಅಷ್ಟೇ ಅಲ್ಲವೇ ಸರ್? ನನ್ನ ಮಗಳಿಗೆ ಇದರಿಂದ ಏನಾಯಿತು?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅವರ ಜಾಹೀರಾತು ಬರುವ ಸಂಚಿಕೆಯಲ್ಲಿದೆ. ಮಗಳು ಏನು ಓದಿದ್ದಾಳೆ, ಎಲ್ಲಿ ಕೆಲಸದಲ್ಲಿದ್ದಾಳೆ, ಎಂಥ ಸಂಗಾತಿಯನ್ನು ಬಯಸುತ್ತಾಳೆ ಎಂಬುದನ್ನು ತಾಯಿಯ ಬದಲು ಮಗಳೇ ಬರೆದು ಕಳಿಸಿದ್ದಾಳೆ.

ಅಂದಹಾಗೆ, ವಾರ್ಷಿಕೋತ್ಸವದಲ್ಲಿ "ಸಂಘದ ಚೆಲುವೆ" ಎಂಬ ಸ್ಪರ್ಧೆಯನ್ನು ಏರ್ಪಡಿಸಬೇಕೆಂಬ ಯುವ ವಿಭಾಗದ ಸಲಹೆ ಕಾರ್ಯಕಾರಿ ಸಮಿತಿಯ ಮುಂದಿದೆ. ಪ್ರಾಯೋಜಕರೂ ಸಿದ್ಧರಿದ್ದಾರಂತೆ. ಸಭೆಯಲ್ಲಿ ನಾನು ವಿರೋಧಿಸಲಿದ್ದೇನೆ. ಈ ಸಲ ಸೀತೆ ಸಾವಿತ್ರಿಯರನ್ನು ಕರೆತರುವುದಿಲ್ಲ. 1996ರ ಸಂಚಿಕೆಯ ಕೊನೆಯ ಪುಟವನ್ನು ಒಯ್ಯುತ್ತೇನೆ.

ಜಾಹೀರಾತಿನ ದರ ಮೊದಲಿನಂತೆಯೇ ಇರುತ್ತದೆ. ಪದಗಳು ಕಡಿಮೆಯಾದುದಕ್ಕೆ ರಿಯಾಯಿತಿ ಕೇಳಿದವರಿಗೆ ಖಜಾಂಚಿಯವರೇ ಉತ್ತರಿಸುತ್ತಾರೆ.